ಅವ್ವನ ತೊಡೆಮೂಳೆ ಮುರಿದಿದೆ: ಪ್ಲೇಟೋ, ರಾಡೋ? ಯಾವುದು ಗಟ್ಟಿ?

ಬೈನೆಮರ | ಆಗಸ್ಟ್ 3, ರಾತ್ರಿ 9:40

ನಮಸ್ಕಾರ. ಸ್ವಲ್ಪ ಅರ್ಜೆಂಟ್ ವಿಷಯ, ಉದ್ದ ಆದರೆ ಬೇಸರ ಮಾಡಬೇಡಿ.

ಇವತ್ತು ಕಕ್ಕಡ ಹದಿನೆಂಟು, ನಮ್ಮ ಕೊಡಗಿನ ಮದ್ದುಸೊಪ್ಪಿನ ಹಬ್ಬ. ಬೆಳಿಗ್ಗೆ ಅವ್ವ ಯಾರಿಗೂ ಹೇಳದೆ ಮದ್ದುಸೊಪ್ಪು ಕೊಯ್ಯಲು ಹಿತ್ತಲಿಗೆ ಹೋಗಿದ್ದಾರೆ. 79 ವರ್ಷ, 48 ಕೆ.ಜಿ. ನಾನು ಕೊಯ್ದು ತಂದರೆ ಅವರಿಗೆ ಆಗುವುದಿಲ್ಲ. ಎಲೆ ಬಲಿತಿಲ್ಲ, ದಂಟು ಜಾಸ್ತಿ ಅಂತ ಏನಾದರೂ ಒಂದು ತಕರಾರು. ಸೌದೆ ಕೊಟ್ಟಿಗೆ ಪಕ್ಕದ ಕಲ್ಲು ಮೆಟ್ಟಿಲಲ್ಲಿ ಪಾಚಿ ಕಟ್ಟಿತ್ತು. ಜಾರಿ ಬಲಗಡೆಗೆ ಬಿದ್ದರು. ನಾವು ಓಡಿಹೋಗಿ ನೋಡುವಾಗ ಬಲಗಾಲು ಗಿಡ್ಡ ಆದ ಹಾಗೆ, ಪಾದ ಹೊರಗೆ ತಿರುಗಿಕೊಂಡು ಬಿದ್ದಿತ್ತು. ಕೈಯಲ್ಲಿದ್ದ ಸೊಪ್ಪಿನ ಕಟ್ಟು ಮಾತ್ರ ಬಿಟ್ಟಿರಲಿಲ್ಲ.

ಮಡಿಕೇರಿಯಲ್ಲಿ ಎಕ್ಸ್‌ರೇ ಆಯಿತು. ಇಂಟರ್‌ಟ್ರೊಕಾಂಟರಿಕ್ ಫ್ರ್ಯಾಕ್ಚರ್ ಅಂತೆ, ಅಂದರೆ ತೊಡೆಮೂಳೆಯ ಮೇಲ್ತುದಿಯಲ್ಲಿ, ಸೊಂಟದ ಹತ್ತಿರ ಮುರಿತ. ಇಲ್ಲಿಯ ಡಾಕ್ಟರ್ "ಡಿಎಚ್‌ಎಸ್ ಪ್ಲೇಟ್ ಸಾಕು ಅನಿಸುತ್ತದೆ, ನಾಳೆ ಇನ್ನೊಂದು ಎಕ್ಸ್‌ರೇ ನೋಡಿ ಹೇಳುತ್ತೇನೆ" ಅಂದರು. ಅಷ್ಟರಲ್ಲಿ ಭಾವ ಅದರ ಫೋಟೋ ತೆಗೆದು ಮೈಸೂರಿನ ಒಬ್ಬರಿಗೆ ಕಳಿಸಿದ್ದಾರೆ. ಅವರು "ಈಗ ಯಾರು ಪ್ಲೇಟ್ ಹಾಕುತ್ತಾರೆ? ಪಿಎಫ್‌ಎನ್ ರಾಡ್ ಹಾಕಿಸಿ, ಅದೇ ಗಟ್ಟಿ" ಅಂದರಂತೆ. ಎರಡರ ರೇಟಿನಲ್ಲಿ ಹದಿನೈದು ಸಾವಿರ ವ್ಯತ್ಯಾಸ. ದುಡ್ಡಿನ ಪ್ರಶ್ನೆ ಅಲ್ಲ. ಮನೆಯಲ್ಲಿ ಎರಡು ಪಾರ್ಟಿ ಆಗಿದೆ. ಒಂದು ಪಾರ್ಟಿ ಆಂಬುಲೆನ್ಸ್ ಮಾಡಿ ಮೈಸೂರಿಗೆ ಹೊರಡೋಣ ಅನ್ನುತ್ತಿದೆ.

ನನ್ನ ಪ್ರಶ್ನೆ ಒಂದೇ. ನಿಜವಾಗಿ ಯಾವುದು ಗಟ್ಟಿ?

ಹಳೇಗದ್ದೆ | ರಾತ್ರಿ 9:58

ದೇವರು ದೊಡ್ಡವನು, ಗಾಬರಿ ಆಗಬೇಡಿ. ಈ ವಯಸ್ಸಿನಲ್ಲಿ ಕೊಯ್ಯುವುದು ಎಲ್ಲ ಯಾಕೆ? ನಮ್ಮ ಅಜ್ಜನ ಕೈ ಮುರಿದಾಗ ನಾಟಿ ಕಟ್ಟು ಹಾಕಿಸಿದ್ದೆವು, ಮೂರು ತಿಂಗಳಲ್ಲಿ ಕೂಡಿತು.

ನೈಟ್‌ಡ್ಯೂಟಿ | ರಾತ್ರಿ 10:15

ಹಳೇಗದ್ದೆಯವರೇ, ಕೈ ಮೂಳೆಗೂ ಸೊಂಟದ ಮೂಳೆಗೂ ಒಂದೇ ಲೆಕ್ಕ ಹಾಕಬೇಡಿ. ಈ ಮುರಿತ ಕಟ್ಟು ಹಾಕದೆಯೂ ಕೂಡುತ್ತದೆ, ಅದು ಸುಳ್ಳಲ್ಲ. ಅಲ್ಲಿ ರಕ್ತ ಓಡಾಟ ಚೆನ್ನಾಗಿದೆ. ಆದರೆ ಗಿಡ್ಡ ಆಗಿ, ತಿರುಚಿ ಕೂಡುತ್ತದೆ. ಅಷ್ಟರೊಳಗೆ ಮೂರು ತಿಂಗಳು ಮಲಗಿದವರಿಗೆ ಬೆನ್ನು ಹುಣ್ಣು, ನ್ಯುಮೋನಿಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು. ಮೂಳೆ ಕೂಡುವ ತನಕ ಮನುಷ್ಯ ಉಳಿಯಬೇಕಲ್ಲ. ಆಪರೇಷನ್ ಮಾಡುವುದು ಮೂಳೆ ಕೂಡಿಸಲಿಕ್ಕೆ ಅನ್ನುವುದಕ್ಕಿಂತ ಮರುದಿನವೇ ಎಬ್ಬಿಸಿ ಕೂರಿಸಲಿಕ್ಕೆ.

ಬೈನೆಮರ ಅಣ್ಣ, ನಾನು ಮಂಗಳೂರಿನಲ್ಲಿ ಆರ್ಥೋ ಪಿಜಿ, ಮೂಳೆ ವಿಭಾಗದಲ್ಲಿ ಓದುತ್ತಿರುವ ಡಾಕ್ಟರ್. ಊರು ನಾಪೋಕ್ಲು ಹತ್ತಿರ. ಫೋಟೋ ನೋಡಿ ಇದನ್ನೇ ಹಾಕಿಸಿ ಅಂತ ನಾನು ಹೇಳುವುದಿಲ್ಲ. ಆದರೆ ನಿಮ್ಮ ಡಾಕ್ಟರನ್ನು ಏನು ಕೇಳಬೇಕು ಅನ್ನುವುದನ್ನು ಹೇಳಬಲ್ಲೆ.

ಮೊದಲಿಗೆ, ಓಡಾಡಿ ಟೈಮ್ ಕಳೆಯಬೇಡಿ. 24ರಿಂದ 48 ಗಂಟೆಯೊಳಗೆ ಆಪರೇಷನ್ ಆದರೆ ಒಳ್ಳೆಯದು. ಈ ಮಳೆಯಲ್ಲಿ ಮುರಿದ ಕಾಲು ಕಟ್ಟಿಕೊಂಡು ಮೈಸೂರಿಗೆ 120 ಕಿಲೋಮೀಟರ್ ಹೋಗುವುದಕ್ಕೆ ಬಲವಾದ ಕಾರಣ ಬೇಕು. 'ರಾಡ್ ಗಟ್ಟಿಯಂತೆ' ಅನ್ನುವುದು ಆ ಕಾರಣ ಅಲ್ಲ.

ನಾಳೆ ಕೇಳಬೇಕಾದ್ದು ಇಷ್ಟು: "ಡಾಕ್ಟ್ರೇ, ಹೊರಗಿನ ಗೋಡೆ ಗಟ್ಟಿ ಇದೆಯಾ?" ಯಾಕೆ ಅಂತ ರೌಂಡ್ಸ್ ಮುಗಿಸಿ ಬರೆಯುತ್ತೇನೆ.

ಕುಶಾಲನಗರ_ಕಾಫಿ | ರಾತ್ರಿ 10:22

ಆಯುಷ್ಮಾನ್ ಕಾರ್ಡ್ ಇದ್ದರೆ ಈಗಲೇ ಕೌಂಟರಿನಲ್ಲಿ ತೋರಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆಮೇಲೆ ಕೊಟ್ಟರೆ ರಗಳೆ.

ಏಲಕ್ಕಿಮಲೆ | ರಾತ್ರಿ 10:31

ಗಟ್ಟಿ ರಾಡ್ ಅಂತ ನಂಬಿ ಕೆಟ್ಟವನು ನಾನು. ಅಪ್ಪನಿಗೆ 81, ಇದೇ ಮುರಿತ. ಬೇರೆ ಊರಿನ ದೊಡ್ಡ ಆಸ್ಪತ್ರೆ, ಹೆಸರು ಬೇಡ. ಇಂಪೋರ್ಟೆಡ್ ರಾಡ್ ಅಂತ ಹೆಚ್ಚಿಗೆ ದುಡ್ಡು ಕೊಟ್ಟು ಹಾಕಿಸಿದೆವು. ಎರಡೂವರೆ ತಿಂಗಳಿಗೆ ಒಂದು ದಿನ ಕುರ್ಚಿಯಿಂದ ಏಳುವಾಗ ಕಿರುಚಿದರು. ಎಕ್ಸ್‌ರೇ ತೆಗೆದರೆ ಸ್ಕ್ರೂನ ತುದಿ ಮೂಳೆಯ ತಲೆ ಸೀಳಿಕೊಂಡು ಮೇಲೆ ಬಂದು ಕೀಲಿನೊಳಗೆ ಇಣುಕುತ್ತಿದೆ! ರಾಡ್ ಮುರಿದಿರಲಿಲ್ಲ, ಬಗ್ಗಿಯೂ ಇರಲಿಲ್ಲ. ಫಸ್ಟ್‌ಕ್ಲಾಸ್ ಆಗಿ ಹೊಳೆಯುತ್ತಾ ಇತ್ತು. ಎಲ್ಲ ತೆಗೆದು ಬಾಲ್ ಚೇಂಜ್, ಅಂದರೆ ಮೂಳೆಯ ತಲೆ ತೆಗೆದು ಕೃತಕ ತಲೆ ಕೂರಿಸುವುದು, ಮಾಡಬೇಕಾಯಿತು.

ಆ ಎರಡನೇ ಡಾಕ್ಟರ್ ಹಳೇ ಎಕ್ಸ್‌ರೇ ಮೇಲೆ ಸ್ಕೇಲ್ ಇಟ್ಟು ಏನೋ ಅಳೆದು "38 ಇದೆ, ಇದು ಉಳಿಯುವ ಹಾಗಿರಲಿಲ್ಲ" ಅಂದರು. ಏನು 38 ಅಂತ ಅವತ್ತು ಕೇಳುವ ತಲೆ ಇರಲಿಲ್ಲ.

ನಿರ್ವಾಹಕ | ರಾತ್ರಿ 10:40

ದಯವಿಟ್ಟು ಇದೇ ರೀತಿ ಮುಂದುವರಿಸಿ. ಆಸ್ಪತ್ರೆ, ಡಾಕ್ಟರ್ ಹೆಸರು ಹಾಕಬೇಡಿ. ಹಾಕಿದ ಎರಡು ಪ್ರತಿಕ್ರಿಯೆ ಈಗಾಗಲೇ ತೆಗೆದಿದ್ದೇನೆ.

ಲೇತ್‌ಮೆಷಿನ್ | ರಾತ್ರಿ 11:05

ನಾನು ಡಾಕ್ಟರ್ ಅಲ್ಲ. ಗೋಣಿಕೊಪ್ಪದಲ್ಲಿ ವರ್ಕ್‌ಶಾಪ್ ಇದೆ. ಅದಕ್ಕೆ ಮೊದಲು ಮೈಸೂರಿನ ಒಂದು ಫ್ಯಾಕ್ಟರಿಯಲ್ಲಿ ಲೋಹ ಟೆಸ್ಟ್ ಮಾಡುವ ಕೆಲಸ ಮಾಡಿದ್ದೆ. ಹೋದ ವರ್ಷ ಅತ್ತೆಗೆ ಇದೇ ಆದಾಗ ಹುಚ್ಚು ಹಿಡಿದ ಹಾಗೆ ಓದಿದೆ. ಮೆಕ್ಯಾನಿಕಲ್ ಭಾಗ ಮಾತ್ರ ಹೇಳುತ್ತೇನೆ, ತಪ್ಪಿದ್ದರೆ ನೈಟ್‌ಡ್ಯೂಟಿ ತಿದ್ದಲಿ.

ತೊಡೆಮೂಳೆ ಮೇಲೆ ಹೋಗಿ ಒಳಕ್ಕೆ ಓರೆಯಾಗಿ ತಿರುಗುತ್ತದೆ. ತುದಿಯಲ್ಲಿ ಗುಂಡು. ಮೈ ಭಾರ ಆ ಗುಂಡಿನ ಮೇಲೆ ಬೀಳುತ್ತದೆ, ನೇರವಾಗಿ ಕಂಬದ ಮೇಲೆ ಅಲ್ಲ. ಗೋಡೆಗೆ ಹೊಡೆದ ಗೂಟದ ತುದಿಗೆ ಚೀಲ ನೇತುಹಾಕಿದ ಹಾಗೆ. ಚೀಲ ಗೋಡೆಯಿಂದ ದೂರ ಹೋದಷ್ಟೂ ಗೂಟದ ಬುಡಕ್ಕೆ ಏಟು ಜಾಸ್ತಿ. ಪ್ಲೇಟ್ ಕೂರುವುದು ಮೂಳೆಯ ಹೊರಮೈಗೆ, ಅಂದರೆ ಭಾರದಿಂದ ದೂರ. ರಾಡ್ ಕೂರುವುದು ಮೂಳೆಯ ಕೊಳವೆಯೊಳಗೆ, ಭಾರಕ್ಕೆ ಕೆಲವು ಸೆಂಟಿಮೀಟರ್ ಹತ್ತಿರ. ಅಷ್ಟೇ ಭಾರಕ್ಕೆ ರಾಡಿನ ಮೇಲೆ ಬಗ್ಗಿಸುವ ಬಲ ಕಡಿಮೆ. 'ರಾಡ್ ಗಟ್ಟಿ' ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದ. ಲೆಕ್ಕ ಸರಿಯೇ ಇದೆ.

ಆದರೆ ಏಲಕ್ಕಿಮಲೆ ಹೇಳಿದ್ದು ನೋಡಿ. ರಾಡಿಗೆ ಏನೂ ಆಗಿಲ್ಲ, ಮೂಳೆ ಸೀಳಿಹೋಗಿದೆ. ಗೆದ್ದಲು ಹಿಡಿದ ಕಂಬಕ್ಕೆ ಎಂಥ ಉಕ್ಕಿನ ಬೋಲ್ಟ್ ಹಾಕಿದರೂ ಬಿಡುವುದು ಕಂಬ, ಬೋಲ್ಟ್ ಅಲ್ಲ. ಬೆಂದ ಕಡಂಬುಟ್ಟಿಗೆ, ಆ ಅಕ್ಕಿ ಉಂಡೆಗೆ, ಕಡ್ಡಿ ಚುಚ್ಚಿ ಪಕ್ಕಕ್ಕೆ ಒತ್ತಿ ನೋಡಿ. ಕಡ್ಡಿ ಮುರಿಯುವುದಿಲ್ಲ, ಪುಟ್ಟು ಹರಿದುಹೋಗುತ್ತದೆ. ವಯಸ್ಸಾದವರ ಮೂಳೆಯ ತಲೆ ಹಾಗೆ.

ಹಾಗಾಗಿ 'ಯಾವುದು ಗಟ್ಟಿ' ಅನ್ನುವ ಪ್ರಶ್ನೆಯೇ ಸ್ವಲ್ಪ ಅಡ್ಡದಾರಿ.

ನೈಟ್‌ಡ್ಯೂಟಿ | ಆಗಸ್ಟ್ 4, ಬೆಳಗಿನ ಜಾವ 2:20

ಲೇತ್‌ಮೆಷಿನ್ ಅವರೇ, ಕಡಂಬುಟ್ಟು ಉದಾಹರಣೆಯನ್ನು ನಾಳೆ ಕ್ಲಾಸಿನಲ್ಲಿ ಕದಿಯುತ್ತೇನೆ.

ಈಗ ಹೊರಗಿನ ಗೋಡೆ ವಿಷಯ. ಡಿಎಚ್‌ಎಸ್ ಅಂದರೆ ಒಂದು ದಪ್ಪ ಸ್ಕ್ರೂ ಮೂಳೆಯ ತಲೆಯೊಳಗೆ ಕೂರುತ್ತದೆ. ಅದರ ಬಾಲ ಪ್ಲೇಟಿಗೆ ಅಂಟಿಕೊಂಡ ಕೊಳವೆಯಲ್ಲಿ ಹಿಂದೆ ಜಾರುತ್ತದೆ. ಸಾಮಾನ್ಯವಾಗಿ 135 ಡಿಗ್ರಿ ಕೋನ. ಜಾರುವುದು ದೋಷ ಅಲ್ಲ, ಅದೇ ಅದರ ಗುಣ. ಅವ್ವ ಹೆಜ್ಜೆ ಇಟ್ಟಾಗಲೆಲ್ಲ ಮುರಿದ ಎರಡು ತುಂಡು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಒತ್ತಿದ ಮೂಳೆ ಬೇಗ ಕೂಡುತ್ತದೆ, ಭಾರದಲ್ಲಿ ಪಾಲು ತಾನೂ ಹೊರುತ್ತದೆ. ಹಿಂದೆ ಜಾರದ ಮೊಳೆ ಇತ್ತು. ಮೂಳೆ ಕುಗ್ಗಿದಾಗ ಮೊಳೆ ಕುಗ್ಗದೆ ತಲೆ ತೂತು ಮಾಡಿಕೊಂಡು ಹೊರಗೆ ಬರುತ್ತಿತ್ತು. ತೀರಾ ಬಿಗಿಯಾಗಿದ್ದರೂ ಕಷ್ಟವೇ.

ಜಾರಿದ್ದು ಎಲ್ಲಾದರೂ ನಿಲ್ಲಬೇಕಲ್ಲ? ಮೇಲಿನ ತುಂಡು ಹಿಂದೆ ಬಂದು ಒರಗಿಕೊಳ್ಳುವುದು ತೊಡೆಮೂಳೆಯ ಹೊರಗಿನ ಗೋಡೆಗೆ. ಆ ಗೋಡೆ ತೆಳುವಾಗಿದ್ದರೆ ಅಥವಾ ಒಡೆದಿದ್ದರೆ ನಿಲ್ಲಿಸುವವರು ಯಾರೂ ಇಲ್ಲ. ಜಾರುತ್ತಲೇ ಹೋಗುತ್ತದೆ, ಕೆಳಗಿನ ಮೂಳೆ ಒಳಕ್ಕೆ ಸರಿಯುತ್ತದೆ, ಕಾಲು ಗಿಡ್ಡ ಆಗುತ್ತದೆ. ಡಿಎಚ್‌ಎಸ್ ಹಾಕಲು ಅದೇ ಗೋಡೆಯಲ್ಲಿ ದೊಡ್ಡ ತೂತು ಕೊರೆಯಬೇಕು. ತೆಳು ಗೋಡೆ ಆ ಕೊರೆತಕ್ಕೇ ಬಿರುಕು ಬಿಡಬಹುದು. ಮೂಳೆ ಡಾಕ್ಟರುಗಳ ಅಂತರರಾಷ್ಟ್ರೀಯ ಸಂಸ್ಥೆ ಎಒ ಮುರಿತಗಳನ್ನು ವಿಂಗಡಿಸಿದ 2018ರ ವರ್ಗೀಕರಣದಲ್ಲಿ ಇದಕ್ಕೆ ಒಂದು ಗೆರೆ ಎಳೆದಿದ್ದಾರೆ. ಗೋಡೆಯ ದಪ್ಪ 20.5 ಮಿ.ಮೀ.ಗಿಂತ ಜಾಸ್ತಿ ಇದ್ದರೆ ಎ1, ಅಷ್ಟು ಇಲ್ಲದಿದ್ದರೆ ಎ2. ಎ1ಗೆ ಡಿಎಚ್‌ಎಸ್ ಧಾರಾಳ ಸಾಕು. ಎ2ಗೆ ನಮ್ಮಲ್ಲಿ ಬಹಳ ಜನ ರಾಡ್ ಹಾಕುತ್ತಾರೆ, ಯಾಕೆಂದರೆ ಕೊಳವೆಯೊಳಗಿನ ರಾಡೇ ಆ ಗೋಡೆಯ ಕೆಲಸ ಮಾಡುತ್ತದೆ.

ಎ3 ಅಂತ ಇನ್ನೊಂದಿದೆ. ಅದರ ಒಂದು ಬಗೆಯಲ್ಲಿ ಮುರಿತದ ಗೆರೆ ಉಲ್ಟಾ ಓರೆ. ಅಲ್ಲಿ ಡಿಎಚ್‌ಎಸ್ ಜಾರಿದರೆ ತುಂಡುಗಳು ಒತ್ತಿಕೊಳ್ಳುವ ಬದಲು ಒಂದರ ಪಕ್ಕ ಒಂದು ಸರಿದುಹೋಗುತ್ತವೆ. ಅದಕ್ಕೆ ರಾಡೇ ಆಗಬೇಕು, ಚರ್ಚೆ ಇಲ್ಲ.

ನಿಮ್ಮ ಇಬ್ಬರು ಡಾಕ್ಟರಲ್ಲಿ ಯಾರೂ ತಪ್ಪು ಹೇಳಿರಲಿಕ್ಕಿಲ್ಲ. ಬ್ರಿಟನ್ನಿನ ನೈಸ್ ಅನ್ನುವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 2011ರಿಂದ ಉಲ್ಟಾ ಓರೆ ಬಿಟ್ಟು ಉಳಿದ ಇಂಥ ಮುರಿತಕ್ಕೆ ಜಾರುವ ಸ್ಕ್ರೂ ಹಾಕಿ ಅನ್ನುತ್ತದೆ. ಅಮೆರಿಕದವರ ಮಾರ್ಗಸೂಚಿ ಸ್ಥಿರವಾದದ್ದಕ್ಕೆ ಯಾವುದಾದರೂ ಸರಿ, ಅಸ್ಥಿರವಾದದ್ದಕ್ಕೆ ರಾಡ್ ಅನ್ನುತ್ತದೆ. 2022ರಲ್ಲಿ ವೈದ್ಯ ಸಂಶೋಧನೆ ಪರಿಶೀಲಿಸುವ ಕಾಕ್ರೇನ್‌ನವರು ಎಲ್ಲ ಪ್ರಯೋಗಗಳನ್ನೂ ಗುಡ್ಡೆ ಹಾಕಿ ನೋಡಿದರು. ನಡಿಗೆ, ದಿನದ ಕೆಲಸದಲ್ಲಿ ದೊಡ್ಡ ವ್ಯತ್ಯಾಸ ಸಿಗಲಿಲ್ಲ. ರಾಡಿನಲ್ಲಿ ಸೋಂಕು ಸ್ವಲ್ಪ ಕಡಿಮೆ, ಆದರೆ ರಾಡಿನ ಸುತ್ತ ಮೂಳೆ ಒಡೆಯುವುದು ಸ್ವಲ್ಪ ಜಾಸ್ತಿ.

ಏಲಕ್ಕಿಮಲೆ ಅಣ್ಣ, ಆ 38 ಏನು ಗೊತ್ತಾ? ಟಿಪ್-ಅಪೆಕ್ಸ್ ದೂರ. ಮುಂದಿನಿಂದ ಒಂದು ಎಕ್ಸ್‌ರೇ, ಪಕ್ಕದಿಂದ ಒಂದು. ಎರಡರಲ್ಲೂ ಸ್ಕ್ರೂನ ತುದಿಯಿಂದ ಮೂಳೆಯ ತಲೆಯ ನಟ್ಟನಡು ತುದಿಯವರೆಗೆ ಅಳೆದು ಕೂಡಿಸುವುದು. ಎಕ್ಸ್‌ರೇಯಲ್ಲಿ ಎಲ್ಲ ದೊಡ್ಡದಾಗಿ ಕಾಣುತ್ತದೆ, ಅದಕ್ಕೆ ಸ್ಕ್ರೂನ ನಿಜವಾದ ದಪ್ಪ ಇಟ್ಟುಕೊಂಡು ಸರಿ ಮಾಡುತ್ತಾರೆ. 1995ರಲ್ಲಿ ಬಾಮ್‌ಗಾರ್ಟ್‌ನರ್ ಮತ್ತು ಜೊತೆಯವರು 198 ಮುರಿತಗಳಲ್ಲಿ ಇದನ್ನು ಅಳೆದರು. 25 ಮಿ.ಮೀ. ಒಳಗಿದ್ದ ಒಂದರಲ್ಲೂ ಸ್ಕ್ರೂ ಸೀಳಿಕೊಂಡು ಬಂದಿರಲಿಲ್ಲ. ಇವತ್ತಿಗೂ ನಮಗೆ ಆಪರೇಷನ್ ಥಿಯೇಟರಿನಲ್ಲಿ ಮೊದಲು ಬೈಗುಳ ಬೀಳುವುದು ಈ ನಂಬರಿಗೇ.

ಬೈನೆಮರ | ಬೆಳಿಗ್ಗೆ 6:50

ರಾತ್ರಿ ಎಲ್ಲ ಓದಿದೆ. ತುಂಬಾ ಉಪಕಾರ. ಮಧ್ಯದಲ್ಲಿ ಒಂದು ಪ್ರಹಸನ. ನಿನ್ನೆ ಸಂಜೆ ನನ್ನ ಹೆಂಡತಿ ಅವ್ವ ಕೊಯ್ದ ಅದೇ ಸೊಪ್ಪಿನ ಪಾಯಸ ಮಾಡಿ ಆಸ್ಪತ್ರೆಗೆ ತಂದಿದ್ದಳು. ಹಬ್ಬ ಬಿಡಬಾರದು ಅಂತ ಅವ್ವನ ಹಟ. ಬೆಳಗಿನ ಜಾವ ಯೂರಿನ್ ಬ್ಯಾಗ್ ಕೆಂಪಗೆ! ಹೊರಜಿಲ್ಲೆಯ ಹೊಸ ನರ್ಸ್ ಹುಡುಗಿ ರಕ್ತ ಅಂತ ಹೆದರಿ ಡಾಕ್ಟರಿಗೆ ಫೋನ್ ಮಾಡಿದ್ದಾಳೆ. ಪಕ್ಕದ ಬೆಡ್ಡಿನ ಅಜ್ಜಿ ನಕ್ಕು ನಕ್ಕು ಸುಸ್ತು. "ನಿನ್ನೆ ಕಕ್ಕಡ ಹದಿನೆಂಟು ಮಗಳೇ, ಇವತ್ತು ಇಡೀ ಕೊಡಗಿನದ್ದು ಇದೇ ಬಣ್ಣ" ಅಂದರಂತೆ.

ಫಿಸಿಯೋ ಪೊನ್ನಂಪೇಟೆ | ಬೆಳಿಗ್ಗೆ 7:30

ಬೆಳಿಗ್ಗೆ ಬೆಳಿಗ್ಗೆ ನಗಿಸಿದಿರಿ. ಅವ್ವ ಗಟ್ಟಿಗಿತ್ತಿ, ಎದ್ದು ಓಡಾಡುತ್ತಾರೆ ಬಿಡಿ.

ಕರಿಕೆ_ಹುಡುಗಿ | ಬೆಳಿಗ್ಗೆ 8:10

ನಮ್ಮ ದೊಡ್ಡಮ್ಮನಿಗೂ ಸೊಂಟ ಮುರಿದದ್ದೇ. ಅವರಿಗೆ ಬಾಲ್ ಚೇಂಜ್ ಮಾಡಿದರು, ಪ್ಲೇಟೂ ಇಲ್ಲ ರಾಡೂ ಇಲ್ಲ. ಇವರಿಗೂ ನೇರ ಅದನ್ನೇ ಮಾಡಿದರೆ ಈ ಸೀಳುವ ರಗಳೆಯೇ ಇಲ್ಲ ಅಲ್ವಾ?

ನೈಟ್‌ಡ್ಯೂಟಿ | ಬೆಳಿಗ್ಗೆ 8:45

ದೊಡ್ಡಮ್ಮನದು ಮೂಳೆಯ ಕತ್ತಿನಲ್ಲಿ ಮುರಿದಿರಬೇಕು ಅಕ್ಕ. ಕತ್ತು ಕೀಲಿನ ಚೀಲದ ಒಳಗಿದೆ. ಅಲ್ಲಿ ಮುರಿದು ಜರುಗಿದರೆ ತಲೆಗೆ ಹೋಗುವ ರಕ್ತನಾಳ ಹರಿಯುತ್ತದೆ, ತಲೆ ಸಾಯಬಹುದು. ಅದಕ್ಕೆ ವಯಸ್ಸಾದವರಿಗೆ ತಲೆಯನ್ನೇ ಬದಲಿಸುತ್ತಾರೆ. ಬೈನೆಮರ ಅವರ ಅವ್ವನದು ಚೀಲದ ಹೊರಗೆ. ಕೂಡುವ ಮೂಳೆಯನ್ನು ಕತ್ತರಿಸಿ ಬಿಸಾಡುವುದು ಯಾಕೆ? ಮೇಲಾಗಿ ಇಲ್ಲಿ ಬಾಲ್ ಕೂರಿಸಲು ಬೇಕಾದ ಬುಡವೇ ಒಡೆದಿರುತ್ತದೆ.

ಒಂಟಿಏಣಿ | ಬೆಳಿಗ್ಗೆ 9:20

ಕತ್ತಿನ ಮಾತು ಬಂತು ಅಂತ ನನ್ನದೂ ಹೇಳುತ್ತೇನೆ. ನನಗೆ 34. ಮಾರ್ಚಿನಲ್ಲಿ ಕರಿಮೆಣಸು ಕೊಯ್ಯುವಾಗ ಸಿಲ್ವರ್ ಓಕಿಗೆ ಒರಗಿಸಿದ್ದ ಏಣಿ ತಿರುಗಿ ಬಿದ್ದೆ. ಕತ್ತಿನಲ್ಲೇ ಮುರಿತ, ಗೆರೆ ಹೆಚ್ಚುಕಮ್ಮಿ ನೆಟ್ಟಗೆ. 'ಪಾವೆಲ್ಸ್ ಮೂರು' ಅಂದರು. ಮೂರು ಸ್ಕ್ರೂ ಹಾಕುತ್ತಾರೆ ಅಂದುಕೊಂಡಿದ್ದೆ, ಚಿಕ್ಕ ಪ್ಲೇಟಿಗೆ ಸೇರಿದ ಒಂದು ಬೋಲ್ಟ್ ಹಾಕಿದರು. ಎಫ್‌ಎನ್‌ಎಸ್ ಅಂತೆ. ರೇಟ್ ಕೇಳಿ ತಲೆ ತಿರುಗಿತು. ನನಗೆ ಅದು ನಿಜವಾಗಿ ಬೇಕಿತ್ತಾ ಅಥವಾ ಸುಮ್ನೆ ತಲೆಗೆ ಕಟ್ಟಿದರಾ?

ಲೇತ್‌ಮೆಷಿನ್ | ಬೆಳಿಗ್ಗೆ 10:05

ಗೆರೆ ನೆಟ್ಟಗಿತ್ತು ಅಂದಿರಲ್ಲ, ವಿಷಯ ಅಲ್ಲೇ ಇದೆ. ಎರಡು ಇಟ್ಟಿಗೆ ಒಂದರ ಮೇಲೊಂದು ಇಟ್ಟು ಮೇಲಿಂದ ಒತ್ತಿ, ಇನ್ನೂ ಗಟ್ಟಿ ಕೂರುತ್ತವೆ. ಅದೇ ಇಟ್ಟಿಗೆಗಳನ್ನು ಪಕ್ಕಪಕ್ಕ ನಿಲ್ಲಿಸಿ ಒಂದನ್ನು ಮೇಲಿಂದ ಒತ್ತಿ, ಜಾರಿ ಇಳಿಯುತ್ತದೆ. ಮುರಿತದ ಗೆರೆ ಅಡ್ಡಕ್ಕೆ ಹತ್ತಿರ ಇದ್ದರೆ ಭಾರ ಅದನ್ನು ಒತ್ತುತ್ತದೆ. 50 ಡಿಗ್ರಿ ದಾಟಿ ನೆಟ್ಟಗಾದರೆ ಭಾರ ಅದನ್ನು ಜಾರಿಸುತ್ತದೆ, ಅದೇ ನಿಮ್ಮ 'ಪಾವೆಲ್ಸ್ ಮೂರು'. ಪಾವೆಲ್ಸ್ ಅನ್ನುವ ಡಾಕ್ಟರ್ ಇದನ್ನು ಹೇಳಿದ್ದು 1935ರಲ್ಲಿ. ಮೂರು ಬಿಡಿ ಸ್ಕ್ರೂ ಜಾರುವುದನ್ನು ಅಷ್ಟು ತಡೆಯುವುದಿಲ್ಲ, ಒಂದಕ್ಕೊಂದು ಸಂಬಂಧ ಇಲ್ಲದ ಮೂರು ಕಡ್ಡಿ ಅವು. ಪ್ಲೇಟಿಗೆ ಬಿಗಿದ ಬೋಲ್ಟ್ ಕೋನ ಬಿಟ್ಟುಕೊಡುವುದಿಲ್ಲ. ಲ್ಯಾಬಿನಲ್ಲಿ ದಾನವಾಗಿ ಬಂದ ಮೂಳೆಗಳ ಮೇಲೆ ಪರೀಕ್ಷೆ ಮಾಡಿದಾಗ ಎಫ್‌ಎನ್‌ಎಸ್ ಮೂರು ಸ್ಕ್ರೂಗಿಂತ ಚೆನ್ನಾಗಿ ತಡೆದಿದೆ, ಡಿಎಚ್‌ಎಸ್ ಜೊತೆ ಹೆಚ್ಚುಕಮ್ಮಿ ಸಮ ನಿಂತಿದೆ.

ನೈಟ್‌ಡ್ಯೂಟಿ | ಬೆಳಿಗ್ಗೆ 10:40

ಅದಕ್ಕೆ ಒಂದು ಸೇರಿಸುತ್ತೇನೆ. ಲ್ಯಾಬಿನಲ್ಲಿ ಗೆದ್ದದ್ದು ವಾರ್ಡಿನಲ್ಲಿ ಗೆಲ್ಲಲೇಬೇಕು ಅಂತ ಇಲ್ಲ. 2017ರಲ್ಲಿ ವೈದ್ಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಫೇಯ್ತ್ ಅನ್ನುವ ದೊಡ್ಡ ಪ್ರಯೋಗ ಬಂತು. ಕತ್ತು ಮುರಿದ, 50 ದಾಟಿದ 1108 ಜನ. ಅರ್ಧ ಜನಕ್ಕೆ ಜಾರುವ ಸ್ಕ್ರೂ ಪ್ಲೇಟ್, ಅರ್ಧ ಜನಕ್ಕೆ ಬಿಡಿ ಸ್ಕ್ರೂ. ಪ್ಲೇಟ್ ಗಟ್ಟಿ ಅಂತ ಎಲ್ಲರಿಗೂ ಗೊತ್ತಿತ್ತು. ಎರಡು ವರ್ಷದಲ್ಲಿ ಮರು ಆಪರೇಷನ್ ಆದದ್ದು ಪ್ಲೇಟಿನಲ್ಲಿ 20%, ಸ್ಕ್ರೂನಲ್ಲಿ 22%. ಹೇಳಿಕೊಳ್ಳುವ ವ್ಯತ್ಯಾಸವೇ ಅಲ್ಲ. ಮೇಲಾಗಿ ತಲೆ ಸಾಯುವುದು ಪ್ಲೇಟ್ ಹಾಕಿದವರಲ್ಲಿ ಜಾಸ್ತಿ ಇತ್ತು, 9% ಮತ್ತು 5%. ಸಿಗರೇಟ್ ಸೇದುವವರು, ಮುರಿದು ಜರುಗಿದವರು, ಕತ್ತಿನ ಬುಡದಲ್ಲಿ ಮುರಿದವರು, ಇವರಲ್ಲಿ ಮಾತ್ರ ಪ್ಲೇಟ್ ಕಡೆ ಒಲವು ಕಂಡಿತು.

ಒಂಟಿಏಣಿ ಅವರೇ, ಆ ಪ್ರಯೋಗ ನಿಮ್ಮ ವಯಸ್ಸಿನವರದ್ದಲ್ಲ, ಮರದಿಂದ ಬಿದ್ದವರದ್ದೂ ಅಲ್ಲ. ಅದನ್ನು ಹಿಡಿದು ನಿಮ್ಮ ಡಾಕ್ಟರ್ ತಲೆಗೆ ಕಟ್ಟಿದರು ಅನ್ನಲಾಗದು. ನೆಟ್ಟ ಗೆರೆಗೆ ಕೋನ ಹಿಡಿಯುವ ಇಂಪ್ಲಾಂಟ್ ಹಾಕಿದ್ದು ನನಗೆ ಸರಿಯಾಗೇ ಕಾಣುತ್ತದೆ. ಡಿಎಚ್‌ಎಸ್ ಜೊತೆ ತಿರುಗದ ಹಾಗೆ ಇನ್ನೊಂದು ಸ್ಕ್ರೂ ಹಾಕಿದ್ದರೂ ಅದೇ ಕೆಲಸ ಆಗುತ್ತಿತ್ತು, ಬಹುಶಃ ಕಡಿಮೆ ದುಡ್ಡಿಗೆ. ಸಿಗರೇಟ್ ಇದ್ದರೆ ಬಿಡಿ.

ಒಂಟಿಏಣಿ | ಬೆಳಿಗ್ಗೆ 10:52

ಸಿಗರೇಟ್ ಇದೆ ಅಂತ ಹೇಗೆ ಗೊತ್ತಾಯಿತು ಮಾರಾಯ್ರೆ.

ಕುಶಾಲನಗರ_ಕಾಫಿ | ಬೆಳಿಗ್ಗೆ 11:15

ಸ್ಟೀಲಾ, ಟೈಟಾನಿಯಮ್ಮಾ? ಯಾವುದು ಒಳ್ಳೆಯದು ಅಂತಲೂ ಯಾರಾದರೂ ಹೇಳಿ. ಅಂಗಡಿಯವರು ಟೈಟಾನಿಯಂ ಅಂದರೆ ಏನೋ ಚಿನ್ನ ಅನ್ನುವ ಹಾಗೆ ಮಾತಾಡುತ್ತಾರೆ.

ಲೇತ್‌ಮೆಷಿನ್ | ಬೆಳಿಗ್ಗೆ 11:50

ಸ್ಟೀಲ್ ಬಗ್ಗದಿರುವ ಗುಣದಲ್ಲಿ ಟೈಟಾನಿಯಂನ ಹೆಚ್ಚುಕಮ್ಮಿ ಎರಡು ಪಟ್ಟು. ಮೂಳೆ ಇವೆರಡಕ್ಕಿಂತಲೂ ಬಹಳ ಮೆದು. ಟೈಟಾನಿಯಂ ಸ್ವಲ್ಪ ಬಳುಕುತ್ತದೆ, ಮೂಳೆಗೆ ಅದು ಹಿತವೇ. ಆದರೆ ಲೋಹಕ್ಕಿಂತ ದಪ್ಪ ಮುಖ್ಯ. ಒಳಗೆ ಟೊಳ್ಳಿಲ್ಲದ ಸರಳಾದರೆ ಬಗ್ಗದ ಶಕ್ತಿ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. 9 ಮಿ.ಮೀ. ಸರಳನ್ನು 10 ಮಾಡಿದರೆ ಒಂದೂವರೆ ಪಟ್ಟು, 10ನ್ನು 12 ಮಾಡಿದರೆ ಎರಡು ಪಟ್ಟು. ಹಾಗಂತ ಸಣ್ಣ ಮೂಳೆಗೆ ದಪ್ಪ ರಾಡ್ ತುರುಕಿದರೆ ಮೂಳೆಯೇ ಸೀಳುತ್ತದೆ.

ಲೋಹ ಸೋಲುವುದು ಒಂದೇ ಏಟಿಗೆ ಅಲ್ಲ. ಬೇಲಿ ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ಅವ್ವ ದಿನಕ್ಕೆ ಆ ಕಾಲಲ್ಲಿ 1000 ಹೆಜ್ಜೆ ಇಟ್ಟರೆ ಮೂರು ತಿಂಗಳಿಗೆ 90,000 ಸಲ ಬಗ್ಗಿಸಿದ ಹಾಗೆ. ಅಷ್ಟರೊಳಗೆ ಮೂಳೆ ಕೂಡಿ ಭಾರ ತಾನು ಹೊತ್ತುಕೊಂಡರೆ ರಾಡ್ ಬದುಕಿತು. ಕೂಡದಿದ್ದರೆ ಯಾವ ದೇಶದ ರಾಡ್ ಆದರೂ ಒಂದು ದಿನ ಮುರಿಯುತ್ತದೆ. ಅದಕ್ಕೇ ಲ್ಯಾಬಿನಲ್ಲಿ ಒಂದೇ ಸಲ ಒತ್ತಿ ಮುರಿಯುವುದಕ್ಕಿಂತ ಸಾವಿರಾರು ಸಲ ಒತ್ತಿ ಬಿಡುವ ಪರೀಕ್ಷೆ ಜಾಸ್ತಿ ನಂಬಬಹುದು. 'ಇಷ್ಟು ನ್ಯೂಟನ್ ತಡೆದಿದೆ' ಅಂತ ಬ್ರೋಷರಿನಲ್ಲಿ ಬರೆದಿದ್ದರೆ ಮೊದಲು ಕೇಳಬೇಕಾದ್ದು: ಎಷ್ಟು ಸಲ ಒತ್ತಿದಿರಿ, ಯಾವ ಮೂಳೆಯ ಮೇಲೆ? ಫೋಮಿನ ಮೂಳೆಯಾ, 80ರ ಅಜ್ಜಿಯ ಮೂಳೆಯಾ?

ಬೈನೆಮರ | ಮಧ್ಯಾಹ್ನ 1:30

ಕೇಳಿಯೇ ಬಿಟ್ಟೆ. ಹೊರಗಿನ ಗೋಡೆ ಹೇಗಿದೆ ಡಾಕ್ಟ್ರೇ ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, "ಎಲ್ಲಿ ಓದಿದಿರಿ?" ಅಂದರು. ಬೈಯುತ್ತಾರೆ ಅಂದುಕೊಂಡೆ. ಕೂರಿಸಿಕೊಂಡು ಸ್ಕ್ರೀನಿನಲ್ಲಿ ತೋರಿಸಿದರು. ಇವತ್ತು ಕಾಲು ಎಳೆದು ಹಿಡಿದು ತೆಗೆದ ಎಕ್ಸ್‌ರೇಯಲ್ಲಿ ಗೋಡೆ ತೆಳು ಕಾಣುತ್ತಿದೆ, 17 ಮಿ.ಮೀ. ಅಷ್ಟೇ. ಒಳಗಡೆಯ ಚಿಕ್ಕ ತುಂಡೂ ಬೇರೆಯಾಗಿದೆ. "ನಿನ್ನೆಯ ಫಿಲಂನಲ್ಲಿ ಇದು ಮುಚ್ಚಿಹೋಗಿತ್ತು. ಈಗ ನಾನೂ ರಾಡೇ ಹಾಕುತ್ತೇನೆ" ಅಂದರು. ನಾಳೆ ಬೆಳಿಗ್ಗೆ ಆಪರೇಷನ್. ಮೈಸೂರು ಪಾರ್ಟಿ ತಾವು ಗೆದ್ದೆವು ಅಂತ ಬೀಗುತ್ತಿದೆ, ಮಡಿಕೇರಿ ಪಾರ್ಟಿ ಇಲ್ಲೇ ಆಯಿತಲ್ಲ ಅಂತ ಬೀಗುತ್ತಿದೆ.

ರಾಡಿನಲ್ಲೂ ಎರಡು ಬಗೆ ಇದೆಯಂತೆ. ಎರಡು ಸ್ಕ್ರೂನದು, ಒಂದು ಬ್ಲೇಡಿನದು. ಅದೇನು?

ನೈಟ್‌ಡ್ಯೂಟಿ | ಮಧ್ಯಾಹ್ನ 3:10

ಒಳ್ಳೆ ಡಾಕ್ಟರ್ ಸಿಕ್ಕಿದ್ದಾರೆ. ಹೊಸ ಎಕ್ಸ್‌ರೇ ನೋಡಿ ಮನಸ್ಸು ಬದಲಿಸುವವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಪಿಎಫ್‌ಎನ್‌ನಲ್ಲಿ ತಲೆಯೊಳಗೆ ಎರಡು ಸ್ಕ್ರೂ. ಕೆಳಗಿನ ದಪ್ಪದ್ದು ಭಾರಕ್ಕೆ, ಮೇಲಿನ ಸಣ್ಣದು ತಲೆ ತಿರುಗದಿರಲು. ಅದರದ್ದೇ ಒಂದು ಕಾಯಿಲೆ ಇದೆ, ಝಡ್ ಎಫೆಕ್ಟ್. ಒಂದು ಸ್ಕ್ರೂ ಕೀಲಿನ ಕಡೆ ಹೋಗುತ್ತದೆ, ಇನ್ನೊಂದು ಹೊರಗೆ ಬರುತ್ತದೆ. ಪಿಎಫ್‌ಎನ್‌ಎಯಲ್ಲಿ ಎರಡರ ಬದಲು ತಿರುಚಿದ ಒಂದೇ ಬ್ಲೇಡ್. ನೀವು ಬೇಲಿ ಗೂಟ ನೆಡುತ್ತೀರಲ್ಲ, ಗುಂಡಿ ತೋಡಿ ಇಟ್ಟರೆ ಸುತ್ತ ಸಡಿಲ. ತೋಡದೆ ಹೊಡೆದು ಇಳಿಸಿದರೆ ಮಣ್ಣು ಸುತ್ತ ಒತ್ತಿಕೊಂಡು ಬಿಗಿಯುತ್ತದೆ. ಬ್ಲೇಡ್ ಹಾಗೆ. ಮೆದು ಮೂಳೆಯನ್ನು ಕೊರೆದು ತೆಗೆಯದೆ ಒತ್ತಿ ಗಟ್ಟಿ ಮಾಡುತ್ತದೆ. ತಿರುಗುವುದನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಸ್ಕ್ರೂ ಸೀಳುವುದು ಮೇಲಕ್ಕೆ, ಬ್ಲೇಡ್ ಕೆಲವೊಮ್ಮೆ ನೇರ ಮುಂದಕ್ಕೆ ನುಗ್ಗಿ ಕೀಲಿಗೆ ತೂತು ಮಾಡುತ್ತದೆ. ಅದಕ್ಕೆ ಬ್ಲೇಡನ್ನು ತೀರಾ ತುದಿಯವರೆಗೆ ಹೊಡೆಯಬಾರದು.

ಯಾವುದಾದರೂ ಇರಲಿ, ಮೊದಲು ಮುರಿದದ್ದನ್ನು ಸರಿಯಾಗಿ ಕೂರಿಸಬೇಕು. ತಲೆ ಒಳಕ್ಕೆ ಬಾಗಿದ ಹಾಗೇ ಬಿಟ್ಟು ರಾಡ್ ಹಾಕಿದರೆ ಲೇತ್‌ಮೆಷಿನ್ ಹೇಳಿದ ಆ ಚೀಲ ಗೋಡೆಯಿಂದ ಇನ್ನೂ ದೂರ ಹೋದ ಹಾಗೆ. ಅಲ್ಲಿಗೆ ಕಥೆ ಮುಗಿಯಿತು.

ಏಲಕ್ಕಿಮಲೆ | ಸಂಜೆ 5:00

ಅಪ್ಪನದು ಹೀಗೇ ಬಾಗಿತ್ತು ಅಂತ ಈಗ ಅರ್ಥ ಆಗುತ್ತಿದೆ. ಎಕ್ಸ್‌ರೇ ಇನ್ನೂ ಮನೆಯಲ್ಲಿದೆ, ಕಿಟಕಿಗೆ ಹಿಡಿದು ನೋಡಿದೆ. ನಾಳೆ ಆದ ಮೇಲೆ ಆ ನಂಬರ್ ಕೇಳಿ ಅಣ್ಣ, ಮರೆಯಬೇಡಿ.

ಬೈನೆಮರ | ಆಗಸ್ಟ್ 5, ಸಂಜೆ 4:15

ಆಯಿತು. ಮುಕ್ಕಾಲು ಗಂಟೆ. ಬ್ಲೇಡಿನ ರಾಡ್. ಟಿಪ್-ಅಪೆಕ್ಸ್ 22 ಅಂತ ಡಾಕ್ಟರೇ ಕಾಗದದಲ್ಲಿ ಬರೆದು ಕೊಟ್ಟರು. ನಾಳೆ ನಿಲ್ಲಿಸುತ್ತಾರಂತೆ! ಇಷ್ಟು ಬೇಗ ಭಾರ ಹಾಕಿದರೆ ಸೀಳುವುದಿಲ್ಲವಾ? ಆರು ವಾರ ಮಲಗಿಸಿಯೇ ಇಟ್ಟರೆ ಸೇಫ್ ಅಲ್ವಾ?

ಫಿಸಿಯೋ ಪೊನ್ನಂಪೇಟೆ | ಸಂಜೆ 6:30

ಇದನ್ನು ಎಲ್ಲರೂ ಕೇಳುತ್ತಾರೆ, ಹಾಗಾಗಿ ಉದ್ದಕ್ಕೆ ಬರೆಯುತ್ತೇನೆ.

ಮಲಗಿದರೆ ಸೊಂಟಕ್ಕೆ ಭಾರ ಇಲ್ಲ ಅಂದುಕೊಳ್ಳಬೇಡಿ. ಬೆಡ್‌ಪ್ಯಾನ್ ಇಡಲು ಸೊಂಟ ಎತ್ತುತ್ತಾರಲ್ಲ, ಆಗ ಮಾಂಸಖಂಡ ಎಳೆಯುವ ಬಲವೇ ಕೀಲಿನ ಮೇಲೆ ಜೋರಾಗಿ ಬೀಳುತ್ತದೆ. ಜರ್ಮನಿಯಲ್ಲಿ ಬರ್ಗ್‌ಮನ್ ಮತ್ತು ತಂಡದವರು ಕೃತಕ ಕೀಲಿನೊಳಗೇ ಅಳೆಯುವ ಸಾಧನ ಇಟ್ಟು ನೋಡಿದ್ದಾರೆ. ಸುಮ್ಮನೆ ನಡೆದರೆ ಮೈ ತೂಕದ ಹೆಚ್ಚುಕಮ್ಮಿ ಎರಡೂವರೆ ಪಟ್ಟು. ಅವ್ವ 48 ಕೆ.ಜಿ., ಅಂದರೆ ಹೆಜ್ಜೆಗೆ 120 ಕೆ.ಜಿ. ಎಡವಿದರೆ ಏಳೆಂಟು ಪಟ್ಟು! ಹೆದರಬೇಕಾದ್ದು ನಡೆಯುವುದಕ್ಕಲ್ಲ, ಎಡವುವುದಕ್ಕೆ. ಮೊದಲು ಆ ಮೆಟ್ಟಿಲಿನ ಪಾಚಿ ಉಜ್ಜಿಸಿ. ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ಲೈಟ್ ಇರಲಿ, ಕಾಲಿಗೆ ಸಿಗುವ ಮ್ಯಾಟ್ ಬೇಡ. ತಗ್ಗಿನ ಮಣೆಯ ಮೇಲೆ ಕೂರುವುದು ಸದ್ಯಕ್ಕೆ ಬೇಡ.

ಮೊದಲು ವಾಕರ್, ಆಮೇಲೆ ಕೋಲು. ಕೋಲು ಎಡಗೈಯಲ್ಲಿ. ಮುರಿದದ್ದು ಬಲಗಡೆ, ಕೋಲು ಎಡಗಡೆ. ನೂರರಲ್ಲಿ ತೊಂಬತ್ತು ಜನ ನೋವಿರುವ ಕಡೆಗೇ ಹಿಡಿಯುತ್ತಾರೆ. ತಕ್ಕಡಿ ನೆನೆಸಿಕೊಳ್ಳಿ. ಬಲಗಾಲಲ್ಲಿ ನಿಂತಾಗ ಮೈ ಎಡಕ್ಕೆ ವಾಲುತ್ತದೆ. ಅದನ್ನು ಎಳೆದು ಹಿಡಿಯುವುದು ಬಲಸೊಂಟದ ಮಾಂಸಖಂಡ. ಆ ಎಳೆತವೇ ಕೀಲಿನ ಮೇಲೆ ಭಾರವಾಗಿ ಬೀಳುವುದು. ಎಡಗೈಯಲ್ಲಿ ಕೋಲು ಸ್ವಲ್ಪ ಊರಿದರೂ ದೂರದಿಂದ ಎತ್ತಿಕೊಟ್ಟ ಹಾಗೆ, ಮಾಂಸಖಂಡಕ್ಕೆ ಕೆಲಸ ಎಷ್ಟೋ ಕಡಿಮೆ ಆಗುತ್ತದೆ.

ಬೈನೆಮರ | ಸೆಪ್ಟೆಂಬರ್ 16, ರಾತ್ರಿ 8:20

ಆರು ವಾರ. ಕೈಲ್‌ಪೊಳ್ದ್ ಹಬ್ಬದ ದಿನ ವಾಕರ್ ಹಿಡಿದು ಅಡಿಗೆಮನೆಗೆ ಬಂದು ಕಡಂಬುಟ್ಟಿಗೆ ನೀರು ಜಾಸ್ತಿ ಆಯಿತು ಅಂತ ಬೈದರು. ಇವತ್ತು ಎಕ್ಸ್‌ರೇ ಆಯಿತು. ಬ್ಲೇಡಿನ ಬಾಲ ಹೊರಗೆ 6 ಮಿ.ಮೀ. ಬಂದಿದೆ. ನನಗೆ ಕೈಕಾಲು ತಣ್ಣಗಾಯಿತು. ಡಾಕ್ಟರ್ ನಗುತ್ತಾ "ಕೂಡುತ್ತಿದೆ, ಹೋಗಿ" ಅಂದರು. ಕಾಲು ಒಂದಿಷ್ಟು ಗಿಡ್ಡ ಇದೆ.

ನೈಟ್‌ಡ್ಯೂಟಿ | ರಾತ್ರಿ 9:00

ತುದಿ ತಲೆಯೊಳಗೆ ಮೊದಲಿದ್ದ ಜಾಗದಲ್ಲೇ ಇದೆಯಾ? ಇದ್ದರೆ ಬಾಲ ಬಂದದ್ದು ಜಾರಿದ್ದು, ಸೀಳಿದ್ದಲ್ಲ. ಜಾರಲಿಕ್ಕೇ ಅದನ್ನು ಮಾಡಿರುವುದು. ಚಪ್ಪಲಿಗೆ ಒಂದು ತೆಳು ಅಟ್ಟೆ ಹಾಕಿಸಿ. ಮೂಳೆ ಸವೆತಕ್ಕೆ ಔಷಧಿ ಶುರು ಮಾಡಿದ್ದಾರಾ? ಇಲ್ಲದಿದ್ದರೆ ನೀವೇ ಬಾಯಿಬಿಟ್ಟು ಕೇಳಿ. ರಾಡ್ ಬಗ್ಗೆ ವಾರಗಟ್ಟಲೆ ಚರ್ಚೆ ಮಾಡುತ್ತೇವೆ, ಇದನ್ನು ಎಲ್ಲರೂ ಮರೆಯುತ್ತಾರೆ. ಇನ್ನೊಂದು ಸೊಂಟವೂ ಅಷ್ಟೇ ಹಳೆಯದು.

ಬೈನೆಮರ | ರಾತ್ರಿ 9:12

ತುದಿ ಅಲ್ಲೇ ಇದೆ, ಎರಡೂ ಫಿಲಂ ಪಕ್ಕಪಕ್ಕ ಇಟ್ಟು ನೋಡಿದೆ. ಔಷಧಿ ಬರೆದಿರಲಿಲ್ಲ. ನಾಳೆಯೇ ಕೇಳುತ್ತೇನೆ.

ಫಿಸಿಯೋ ಪೊನ್ನಂಪೇಟೆ | ಪುತ್ತರಿಯ ಮರುದಿನ, ಬೆಳಿಗ್ಗೆ 7:40

ಬೈನೆಮರ ಅವರೇ, ಅವ್ವ ಹೇಗಿದ್ದಾರೆ? ಪುತ್ತರಿ ಹಬ್ಬ ಹೇಗಾಯಿತು?

ಬೈನೆಮರ | ಬೆಳಿಗ್ಗೆ 8:30

ಎಲ್ಲರೂ ಬೇಡ ಬೇಡ ಅಂದರೂ ರಾತ್ರಿ ಗದ್ದೆಗೆ ಬಂದರು ಅಕ್ಕ. ಬದುವಿನ ಮೇಲೆ ಬಿಡಲಿಲ್ಲ, ರಸ್ತೆ ಬದಿಯಲ್ಲೇ ನಿಲ್ಲಿಸಿದೆವು. ಗುಂಡು ಹಾರಿತು, ಎಲ್ಲರೂ 'ಪೊಲಿ ಪೊಲಿ ದೇವಾ' ಅಂದರು. ಅವ್ವನ ದನಿಯೇ ಜೋರು.

ಫಿಸಿಯೋ ಪೊನ್ನಂಪೇಟೆ | ಬೆಳಿಗ್ಗೆ 8:34

ಅದೆಲ್ಲ ಸರಿ, ಕೋಲು ಯಾವ ಕೈಯಲ್ಲಿತ್ತು?

ಬೈನೆಮರ | ಬೆಳಿಗ್ಗೆ 8:41

ಎಡಗೈಯಲ್ಲೇ. ಬಲಗೈಯಲ್ಲಿ ಕದಿರು ಇತ್ತು.